ವಸಂತಮ್ಮ ಒಪ್ಪಿದ ಮನೆ

ಮೂರನೆಯ ಮನೆಯನ್ನೂ ವಸಂತಮ್ಮ ಬೇಡವೆಂದರು.

ಮನೆಗೆ ಯಾವ ಕೊರತೆಯೂ ಇರಲಿಲ್ಲ. ಹೊಸ ಹೆಂಚು, ಸಿಮೆಂಟಿನ ನೆಲ, ಅಂಗಳದಲ್ಲೇ ನಲ್ಲಿ. ಕಳಸ ಪೇಟೆಗೆ ನಡೆದೇ ಹೋಗಬಹುದು. ಬೀಗದ ಕೈ ಹಿಡಿದು ದೀಪಶ್ರೀ ಬಾಗಿಲಲ್ಲೇ ನಿಂತಿದ್ದಳು. ವಸಂತಮ್ಮ ಒಳಗೆ ಹೋಗಿ ಗೋಡೆ ಮುಟ್ಟಿ ನೋಡಿದರು. ಒಲೆಯ ಮೂಲೆಯಲ್ಲಿ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತರು. ಆಮೇಲೆ ಎಂದಿನ ಪ್ರಶ್ನೆಯನ್ನೇ ಕೇಳಿದರು.

"ಇಲ್ಲಿ ಯಾರಾದ್ರೂ ತೀರ್ಕೊಂಡಿದ್ರಾ ಮೇಡಂ?"

"ಅಯ್ಯೋ ಇಲ್ಲಮ್ಮ. ಹೊಸಾ ಮನೆ ಇದು. ಗಣಹೋಮ ಮಾಡ್ಸಿದೀವಿ. ಭಟ್ರು ಬಂದು ಹೊಸ್ತಿಲಿಗೆ ಮಂತ್ರಿಸಿದ ತಗಡು ಹೊಡ್ದು ಹೋಗಿದಾರೆ. ಯಾವ ಗಾಳಿನೂ ಒಳಗೆ ಬರಲ್ಲ."

ವಸಂತಮ್ಮ ಹೊಸ್ತಿಲನ್ನೇ ನೋಡಿದರು. ಸೆರಗು ಎಳೆದುಕೊಂಡು ಹೊರಗೆ ಬಂದರು.

"ಈ ಮನೆ ಬ್ಯಾಡ."

"ಎಂತಕ್ಕಮ್ಮ?"

"ಬ್ಯಾಡ ಅಷ್ಟೇ."

ನೆಲೆಯಿಲ್ಲದವರಿಗೆ ಮನೆ ಹುಡುಕಿಕೊಡುವ ಸಂಸ್ಥೆಯೊಂದರಲ್ಲಿ ದೀಪಶ್ರೀಗೆ ಕೆಲಸ. ಕೆಲವೆಡೆ ಸಂಸ್ಥೆಯೇ ಮನೆ ಕಟ್ಟಿಸುತ್ತಿತ್ತು. ಕೆಲವೆಡೆ ಎಸ್ಟೇಟಿನವರನ್ನು ಕೇಳಿ, ಖಾಲಿ ಬಿದ್ದ ಮನೆಗಳನ್ನು ರಿಪೇರಿ ಮಾಡಿಸುತ್ತಿತ್ತು. ವಸಂತಮ್ಮನ ಮನೆ, ಕೊಟ್ಟಿಗೆ, ತುಂಡು ಕಾಫಿ ತೋಟ ಎಲ್ಲವೂ ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಗುಡ್ಡದ ಸಮೇತ ಹಳ್ಳಕ್ಕೆ ಜಾರಿದ್ದವು. ಅವರು ಡೇರಿಗೆ ಹಾಲು ಹಾಕಲು ಹೋಗಿದ್ದರು. ಮಗಳು ಕೃತಿಕಾ ಮನೆಯೊಳಗಿದ್ದಳು. ಜೆಸಿಬಿ ತರಿಸಿ ಅಗೆದೇ ಅಗೆದರು. ಹುಡುಗಿ ಸಿಗಲಿಲ್ಲ.

ಅಂದಿನಿಂದ ಸಮುದಾಯ ಭವನದ ವೇದಿಕೆಯ ಹಿಂದೆ ಅವರ ಚಾಪೆ. ಜೊತೆಗಿದ್ದ ಸಂಸಾರಗಳೆಲ್ಲ ಒಂದೊಂದಾಗಿ ಮನೆ ಸೇರಿಕೊಂಡವು. ಅವರೊಬ್ಬರೇ ಉಳಿದರು.

ಸಾವನ್ನು ಅಷ್ಟು ಹತ್ತಿರದಿಂದ ಕಂಡವರಿಗೆ ಅದರ ನೆರಳು ಕಂಡರೂ ನಡುಕ. ದೀಪಶ್ರೀ ಹಾಗೆಂದೇ ತಿಳಿದಿದ್ದಳು. ಮೊದಲು ತೋರಿಸಿದ ಮನೆಯಲ್ಲಿ ಒಬ್ಬ ಮುದುಕ ತೀರಿಕೊಂಡಿದ್ದ. ಆ ಮಾತು ಕೇಳಿ ವಸಂತಮ್ಮ ಸರಕ್ಕನೆ ತಿರುಗಿದ್ದರು. "ಶಾಂತಿ ಮಾಡ್ಸಿ ಆಗಿದೆ ಅಮ್ಮ, ಈಗ ಎಂತದೂ ಇಲ್ಲ" ಎಂದು ದೀಪಶ್ರೀ ಎಷ್ಟು ಧೈರ್ಯ ಹೇಳಿದರೂ ಅವರ ಮುಖ ಬಾಡಿಯೇ ಹೋಯಿತು. ಸಾವಿನ ಸುದ್ದಿಯನ್ನೇ ಎತ್ತಬಾರದಿತ್ತು ಎಂದು ಅವಳು ತನ್ನನ್ನೇ ಬೈದುಕೊಂಡಿದ್ದಳು.

ಸಂಸ್ಥೆಯ ಅಧ್ಯಕ್ಷ ಬಸವರಾಜಪ್ಪ ಪೇಟೆಯಲ್ಲಿ ಅಂಗಡಿ ಇಟ್ಟವರು, ಕೆಟ್ಟವರೇನಲ್ಲ. ಅವರಿಗೂ ಸಾಕಾಗಿತ್ತು. ದೀಪಶ್ರೀಯನ್ನು ಕರೆದು ಹೇಳಿದರು.

"ಭವನ ಬಿಟ್ಕೊಡಿ ಅಂತ ಪಂಚಾಯ್ತಿಯವ್ರು ದಿನಾ ಫೋನ್ ಮಾಡ್ತಾರಮ್ಮ. ಮಳೆ ಹಿಡಿಯೋದ್ರೊಳಗೆ ಒಂದು ತೀರ್ಮಾನ ಆಗ್ಬೇಕು. ಇನ್ನು ಉಳಿದಿರೋದು ಎಸ್ಟೇಟಿನ ಆ ರೈಟರ್ ಮನೆ. ಅದನ್ನೂ ಒಪ್ಪದಿದ್ರೆ ಚಿಕ್ಕಮಗಳೂರಿನ ನಿರಾಶ್ರಿತರ ಕೇಂದ್ರಕ್ಕೆ ಕಳ್ಸೋದೇ."

ರೈಟರ್ ಮನೆ! ಅದರ ಕತೆ ದೀಪಶ್ರೀಗೆ ಗೊತ್ತಿತ್ತು. ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದ ರೈಟರ್ ಹೆಂಡತಿ ಪ್ರೇಮಕುಮಾರಿ ಬಾಣಂತನದಲ್ಲಿ ಸತ್ತದ್ದು ಅಲ್ಲೇ. ಆಮೇಲೆ ಬಂದ ಎರಡು ಸಂಸಾರಗಳೂ ನಿಲ್ಲಲಿಲ್ಲ. ಹಟ್ಟ ಹಗಲಲ್ಲೇ ಒಳಗೆ ಯಾರೋ ಜೋಗುಳ ಗುನುಗುತ್ತಾರೆ ಎಂದು ತೋಟದ ಆಳುಗಳು ಬಳಸುದಾರಿ ಹಿಡಿಯುತ್ತಿದ್ದರು. ಹೋಮ ಮಾಡಿಕೊಡಿ ಎಂದು ದೀಪಶ್ರೀ ಕೇಳಿದಾಗ ಭಟ್ಟರು ಕೈಮುಗಿದರು. "ಆ ಮನೆಗಾ? ನನ್ನಿಂದ ಆಗದು."

ಬೇರೆ ದಾರಿಯಿರಲಿಲ್ಲ. ಸುಳ್ಳು ಹೇಳುವುದೆಂದು ದೀಪಶ್ರೀ ನಿರ್ಧರಿಸಿದಳು. ಪಕ್ಕದ ಕೂಲಿಯವರ ಲೈನ್ ಮನೆಯಲ್ಲಿದ್ದ ತೋಟದ ಕೆಲಸದ ಭಾಗಮ್ಮನಿಗೆ ಬಾಯಿ ಬಿಡಬೇಡ ಎಂದು ಮೊದಲೇ ಹೇಳಿಬಂದಳು.

ಮಧ್ಯಾಹ್ನ ಜೀಪು ರೈಟರ್ ಮನೆಯ ಮುಂದೆ ನಿಂತಿತು. ಹೊರಗೆ ಸುಡುಬಿಸಿಲು. ಒಳಗೆ ಕಾಲಿಟ್ಟರೆ ಬಾವಿಯೊಳಗೆ ಇಳಿದಂತೆ ತಣ್ಣಗೆ. ಎಲ್ಲೋ ಒಂದು ಬಾಗಿಲು ತಾನಾಗಿ ಕಿರುಗುಟ್ಟಿತು. ದೀಪಶ್ರೀ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ವಸಂತಮ್ಮ ಮೂಲೆಯಲ್ಲಿ ಕಿವಿಗೊಟ್ಟು ನಿಂತಿದ್ದರು.

ಅವರು ಕೇಳುವ ಮೊದಲೇ ದೀಪಶ್ರೀ ಅವಸರವಸರವಾಗಿ ಹೇಳಿದಳು. "ಇಲ್ಲಿ ಯಾರೂ ತೀರ್ಕೊಂಡಿಲ್ಲಮ್ಮ. ಎಲ್ಲಾ ಪೂಜೆ ಆಗಿದೆ."

ವಸಂತಮ್ಮ ನಿಟ್ಟುಸಿರು ಬಿಟ್ಟು ಬಾಗಿಲ ಕಡೆ ನಡೆದರು. ಅಲ್ಲಿ ಭಾಗಮ್ಮ ನಿಂತಿದ್ದಳು. ಕೈಯಲ್ಲಿ ಕಾಫಿ ಲೋಟ, ಕಣ್ಣಲ್ಲಿ ನೀರು.

"ಎಂತಕ್ಕೆ ಸುಳ್ಳು ಹೇಳ್ತೀರಿ ಮೇಡಂ? ಪಾಪ, ಒಂಟಿ ಹೆಂಗ್ಸು. ನಂಗೆ ಸುಮ್ನಿರಕ್ಕೆ ಆಗಲ್ಲ ಮಾರಾಯ್ರೆ. ಅಕ್ಕಾ, ಇಲ್ಲಿ ಇರ್ಬೇಡಿ. ರೈಟರ್ ಹೆಂಡ್ತಿ ಇನ್ನೂ ಬರ್ತಾಳೆ. ಅವ್ಳೊಬ್ಳೇ ಅಲ್ಲ, ಹೊಳೇಲಿ ಹೋದವ್ರು, ಮರದಿಂದ ಬಿದ್ದವ್ರು, ಎಲ್ರೂ ಇದೇ ಮನೆಗೆ ಬರೋದು. ಭಟ್ರೇ ಕಾಲಿಡಲ್ಲ ಅಂದ ಮನೆ ಇದು."

ಮುಗಿಯಿತು ಎಂದುಕೊಂಡಳು ದೀಪಶ್ರೀ. ನಿರಾಶ್ರಿತರ ಕೇಂದ್ರದ ಸಾಲು ಮಂಚಗಳು ಕಣ್ಣ ಮುಂದೆ ಬಂದವು. ವಸಂತಮ್ಮನ ಮುಖ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

"ಬಾಗ್ಲು ಹಾಕಿದ್ರೂ ಬರ್ತಾರಾ?" ವಸಂತಮ್ಮನ ದನಿ ನಡುಗುತ್ತಿತ್ತು.

"ಹಾಕಿದ್ರೂ ಅಷ್ಟೇ ತೆಗೆದ್ರೂ ಅಷ್ಟೇ ಅಕ್ಕಾ. ಅವ್ರಿಗೆ ಇಲ್ಲಿ ತಡೆ ಅನ್ನೋದೇ ಇಲ್ಲ."

"ಹೆದರ್ಬೇಡಿ ಅಮ್ಮ," ದೀಪಶ್ರೀ ನಡುವೆ ಬಂದಳು. "ಶೃಂಗೇರಿ ಕಡೆಯಿಂದಾದ್ರೂ ಒಬ್ಬ ಭಟ್ರನ್ನ ಕರೆಸ್ತೀನಿ. ದಿಗ್ಬಂಧನ ಮಾಡ್ಸಿ, ಹೊಸ್ತಿಲು ಭದ್ರ ಮಾಡ್ಸಿ..."

ವಸಂತಮ್ಮ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬೀಗದ ಕೈಯನ್ನು ಬೆರಳುಗಳಿಂದ ಮೆಲ್ಲನೆ ಬಿಡಿಸಿಕೊಂಡು ಎದೆಗೊತ್ತಿಕೊಂಡರು.

"ಯಾರನ್ನೂ ಕರೆಸ್ಬೇಡ ಮಗಾ, ನಿನ್ನ ದಮ್ಮಯ್ಯ. ನನ್ನ ಕೃತಿಕಾ ಒಳಗೆ ಬರೋಕಾಗೋ ಮನೆ ಇದೊಂದೇ."