ತಂದೆಯ ಹೆಸರಿನ ಮುಂದೆ

“ಇದ್ದಾರೆ, ಇಲ್ಲವೆಂದರೆ ದಿವಂಗತ. ಎರಡೇ ಉಂಟಾ ಟೀಚರ್? ಇನ್ನೂ ಬರಲಿಲ್ಲ ಎಂದು ಬರೆಯಲಿಕ್ಕೆ ಜಾಗ ಇಲ್ವಾ?” ಅಪ್ಪಿ ಕೇಳಿದಳು.

ಲೊರ್ನಾ ಟೀಚರ್ ಅರ್ಜಿಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. ಇರಲಿಲ್ಲ. ಎಂಬತ್ತೆರಡರಲ್ಲಿ ಮುಂಬಯಿಯ ಒಂದು ಧರ್ಮಸಂಸ್ಥೆ ಉಡುಪಿಯ ಅವರ ಹೈಸ್ಕೂಲಿಗೆ ಸಹಾಯ ಮಾಡಲು ಮುಂದೆ ಬಂದಿತ್ತು. ತಂದೆಯನ್ನು ಕಳೆದುಕೊಂಡು ಶಾಲೆ ಬಿಡುವ ಸ್ಥಿತಿಯಲ್ಲಿರುವ ಮಕ್ಕಳಿಗೆ ಮಾತ್ರ, ಹತ್ತನೇ ತರಗತಿ ಮುಗಿಯುವವರೆಗೆ. ಟೀಚರಿಗೆ ಮೊದಲು ನೆನಪಾದವಳು ಅಪ್ಪಿಯ ಮಗಳು ವಾರಿಜಾ. ಎಂಟನೆಯಲ್ಲಿ ತರಗತಿಗೇ ಮೊದಲಿಗಳಾಗಿದ್ದ ಹುಡುಗಿ ದಸರಾ ರಜೆ ಮುಗಿದ ಮೇಲೆ ಒಂದು ದಿನವೂ ಬಂದಿರಲಿಲ್ಲ. ಮಲ್ಪೆಯ ಶೆಡ್ಡಿನಲ್ಲಿ ಸಿಗಡಿ ಸುಲಿಯುತ್ತಿದ್ದಾಳೆಂದು ಯಾರೋ ಹೇಳಿದ್ದರು. ಅದಕ್ಕೇ ಉದ್ಯಾವರದ ಅಪ್ಪಿಯ ಮನೆಯವರೆಗೆ ಹುಡುಕಿಕೊಂಡು ಬಂದಿದ್ದರು.

ಅಪ್ಪಿಯ ಗಂಡ ದೇಜಪ್ಪ ಮೀನಿಗೆ ಹೋಗಿದ್ದ ಬೋಟು ಮೂರು ತಿಂಗಳಾದರೂ ಮರಳಿರಲಿಲ್ಲ. ಅವಳ ತಮ್ಮ ಕಿಟ್ಟ ಐದು ದಿನ ಕಡಲಿನಲ್ಲಿ ಹುಡುಕಿದ್ದ. ಸಿಕ್ಕಿದ್ದು ಒಂದು ಹಲಗೆ. ಅದು ಯಾವ ಬೋಟಿನದ್ದೂ ಆಗಿರಬಹುದು ಎಂದಿದ್ದಳು ಅಪ್ಪಿ. ಉತ್ತರಕ್ರಿಯೆಯ ಮಾತೆತ್ತಿದ ಹಿರಿಯರನ್ನು ಅಂಗಳದಿಂದಲೇ ಹಿಂದೆ ಕಳಿಸಿದ್ದಳು.

“ಬರೇ ಕಾಗದಕ್ಕೆ, ಅಪ್ಪಿ,” ಎಂದರು ಟೀಚರ್. “ನಾಳೆ ಅಂಚೆಗೆ ಹಾಕದಿದ್ದರೆ ಅವಧಿ ಮುಗಿಯುತ್ತದೆ.”

“ಬರೇ ಕಾಗದಕ್ಕಾದರೆ ನನ್ನ ಹೆಬ್ಬೆಟ್ಟು ಯಾಕೆ?”

ಬಾಗಿಲ ಬಳಿ ನಿಂತಿದ್ದ ವಾರಿಜಾ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೇ, “ಬೇಡ ಟೀಚರ್. ನಾನು ಶೆಡ್ಡಿಗೇ ಹೋಗುತ್ತೇನೆ. ಅಲ್ಲಿ ಎಂತ ಕಷ್ಟವೂ ಇಲ್ಲ,” ಎಂದಳು.

ಅಪ್ಪಿ ಮಗಳ ಕೈಯನ್ನು ಎಳೆದು ನೋಡಿದಳು. ಐಸಿನಲ್ಲಿ ನೆನೆದು ಬಿಳಿಚಿದ ಬೆರಳುಗಳು. ಸಿಗಡಿಯ ಮುಳ್ಳು ಚುಚ್ಚಿದಲ್ಲೆಲ್ಲ ಬಾತುಕೊಂಡಿದ್ದವು. ಆ ಬೆರಳುಗಳಿಗೆ ಬಳಪ ಹಿಡಿಯಲು ಕಲಿಸಿದವನು ದೇಜಪ್ಪ. ತಾನು ಓದಿದ್ದು ಮೂರನೇ ತರಗತಿಯಾದರೂ ಮಗಳು ಟೀಚರ್ ಆಗಬೇಕೆಂದು ಬಂದರಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

“ಯಾವುದು ಆ ಶಬ್ದ? ತೋರಿಸಿ.”

ಟೀಚರ್ ಬೆರಳಿಟ್ಟು ತೋರಿಸಿದರು. ಅಪ್ಪಿ ಬಹಳ ಹೊತ್ತು ನೋಡಿದಳು. ಓದಲು ಬಾರದವಳಿಗೆ ಅದೂ ಉಳಿದ ಶಬ್ದಗಳ ಹಾಗೆಯೇ ಕಂಡಿತು. ಹೆಬ್ಬೆರಳನ್ನು ಶಾಯಿಗೊತ್ತಿ, ಕಾಗದದ ಮೇಲಿಟ್ಟು, ಕೂಡಲೇ ಎದ್ದು ಬಾವಿಕಟ್ಟೆಯ ಕಡೆ ಹೋದಳು. ಟೀಚರ್ ಹೊರಡುವವರೆಗೂ ಅಲ್ಲಿಂದ ಬರಲಿಲ್ಲ.

ಫೆಬ್ರವರಿಯಲ್ಲಿ ಸಹಾಯ ಮಂಜೂರಾಯಿತು. ಶಾಲೆಯ ಸಭೆಯಲ್ಲಿ “ದಿವಂಗತ ದೇಜಪ್ಪನವರ ಮಗಳು” ಎಂದು ಮೈಕಿನಲ್ಲಿ ಓದಿದಾಗ, ಕರೆದದ್ದು ತನ್ನನ್ನೇ ಎಂದು ವಾರಿಜಾಳಿಗೆ ತಿಳಿಯಲಿಲ್ಲ. ಲೊರ್ನಾ ಟೀಚರ್ ಬಂದು ಭುಜ ಮುಟ್ಟಬೇಕಾಯಿತು. ಅವಳು ವೇದಿಕೆ ಹತ್ತಿ, ಪತ್ರ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಇಳಿದಳು.

ಸಂಜೆ ಮನೆಗೆ ಬಂದಾಗ ಅಪ್ಪಿ ಮೆಟ್ಟಿಲಲ್ಲೇ ಕುಳಿತಿದ್ದಳು.

“ಅಪ್ಪನ ಹೆಸರು ಓದಿದರಾ?”

“ಓದಿದರು.”

“ಬರೇ ಹೆಸರಾ?”

ವಾರಿಜಾ ಬಗ್ಗಿ ಕಾಲಿಗೆ ನೀರು ಹೊಯ್ದುಕೊಂಡಳು. “ಹೌದು ಅಮ್ಮ. ಬರೇ ಹೆಸರು.”

ಅಪ್ಪಿ ಎದ್ದು ಸೀರೆಯ ನೆರಿಗೆ ಕೊಡವಿದಳು.

“ಅಪ್ಪ ಬಂದ ಮೇಲೆ ಈ ಕಾಗದದ ಸುದ್ದಿ ಎತ್ತಬೇಡ ಮಾರಾಯ್ತಿ,” ಎಂದಳು. “ಬೇಸರ ಮಾಡಿಕೊಳ್ಳುತ್ತಾರೆ.”