ಊರಲ್ಲಿಲ್ಲದವರು

"ಪರದೆ ಮುಟ್ಟಬೇಡಿ ಅಂದೆನಲ್ಲ!" ಸಿಸ್ಟರ್ ಪಿಸುಗುಟ್ಟಿದರು.

ಮಾಸ್ತರರ ಕೈ ಕಿಟಕಿಯಿಂದ ಸರ್ರನೆ ಹಿಂದೆ ಬಂತು. ಹಾಡಹಗಲಲ್ಲೂ ಮನೆಯೊಳಗೆ ಗವಿಯ ಕತ್ತಲೆ. ಮುಂಬಾಗಿಲಿಗೆ ಹೊರಗಿನಿಂದ ಬೀಗ. ಹಿಂದಿನ ಓಣಿಯಿಂದ ನುಸುಳಿ ಬಂದ ಇಬ್ಬರೂ ಚಪ್ಪಲಿಯನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡಿದ್ದರು.

"ನಮ್ಮ ಮನೇಲಿ ನಾವಿರೋಕೆ ಇಷ್ಟು ಹೆದರಬೇಕೇನೇ? ಕಳ್ಳರೂ ಇಷ್ಟು ಹೆದರಲ್ಲ."

"ಕಳ್ಳರಿಗೇನು, ಸಿಕ್ಕಿಬಿದ್ರೆ ಜೈಲು. ನಾವು ಸಿಕ್ಕಿಬಿದ್ರೆ ಸಂಘದ ಮೀಟಿಂಗು."

ಮಾಸ್ತರರು ತಕ್ಷಣ ಚಪ್ಪಲಿಯನ್ನು ಸದ್ದಿಲ್ಲದೆ ನೆಲಕ್ಕಿಟ್ಟರು.

ಅವರು ಸ್ಟೇಷನ್ ಮಾಸ್ತರರಾಗಿದ್ದವರು. ಆಕೆ ಆಪರೇಷನ್ ಥಿಯೇಟರಿನ ಹಿರಿಯ ನರ್ಸ್, ಬೀದಿಗೆಲ್ಲ ಸಿಸ್ಟರ್. ಒಂದು ವರ್ಷದ ಹಿಂದೆ ಇಬ್ಬರೂ ಒಂದೇ ತಿಂಗಳಲ್ಲಿ ನಿವೃತ್ತರಾದಾಗ ಅವರಿಗಿದ್ದದ್ದು ಒಂದೇ ಆಸೆ: ಯಾರೂ ಎಬ್ಬಿಸದ ನಿದ್ದೆ, ಯಾರೂ ಕರೆಯದ ಮಧ್ಯಾಹ್ನ.

ಆಸೆ ವಾರವೂ ಬಾಳಲಿಲ್ಲ. ಶಾಲೆ ಬಿಟ್ಟ ಮೊಮ್ಮಕ್ಕಳು ಪ್ರತಿ ಸಂಜೆ ಇಲ್ಲಿಗೇ ಬಂದಿಳಿಯತೊಡಗಿದರು. ಭಾನುವಾರ ಬಂತೆಂದರೆ ಮಗಳು, ಅಳಿಯ, ಮಕ್ಕಳು ಎಲ್ಲರಿಗೂ ಊಟ ಇಲ್ಲೇ. ಉಂಡ ಅಳಿಯ ಸೋಫಾದ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದ. ನಿವಾಸಿಗಳ ಸಂಘದ ಅಧ್ಯಕ್ಷರು ಅದುವರೆಗೆ ಇಲ್ಲದೇ ಇದ್ದ ಜಂಟಿ ಕಾರ್ಯದರ್ಶಿಯ ಹುದ್ದೆಯನ್ನು ಹುಟ್ಟುಹಾಕಿ ಮಾಸ್ತರರ ಕೊರಳಿಗೆ ಕಟ್ಟಿದರು. ಸಿಸ್ಟರ್ ಮನೆಯ ಜಗಲಿ ರಕ್ತದೊತ್ತಡ ನೋಡುವ ಆಸ್ಪತ್ರೆಯಾಯಿತು.

ರಜೆ ಬಂದರೆ ಪ್ರವಾಸ. ಬೆಟ್ಟ, ಕೆರೆ, ಪಾಳುಕೋಟೆ ಯಾವುದನ್ನೂ ಅಳಿಯನ ಕಾರು ಬಿಡಲಿಲ್ಲ. ಮೆಟ್ಟಿಲು ಕಂಡರೆ ಮಾಸ್ತರರು ಮೊದಲು ಎಣಿಸಿ ನೋಡುತ್ತಿದ್ದರು. ಪ್ರತಿ ತಿರುವಿನಲ್ಲೂ ಮಗಳು ಹಿಂದೆ ತಿರುಗಿ ಕೇಳುತ್ತಿದ್ದಳು: "ಅಮ್ಮಾ, ಖುಷಿಯಾಯ್ತಾ?"

"ತುಂಬಾ," ಎನ್ನುತ್ತಿದ್ದರು ಸಿಸ್ಟರ್, ಹಲ್ಲು ಕಚ್ಚಿಕೊಂಡು. ಮಕ್ಕಳು ಇಷ್ಟು ಆಸೆಪಟ್ಟು ಕರೆಯುವಾಗ ಒಲ್ಲೆ ಎನ್ನಲು ಬಾಯಿ ಬರಬೇಕಲ್ಲ?

ಕೊನೆಗೆ ಉಪಾಯ ಹೂಡಿದ್ದೂ ಸಿಸ್ಟರೇ. "ಈ ಸಲ ನಾವಿಬ್ಬರೇ ಸಮುದ್ರ ನೋಡ್ಕೊಂಡು ಬರ್ತೀವಿ" ಎಂದು ಸಾರಿದರು. ಮಗಳ ಮುಖ ಊರಗಲವಾಯಿತು. "ಹೋಗಿ ಬನ್ನಿ ಅಮ್ಮಾ. ಒಂದು ವಾರ ಸಾಕಾ?" ಎಷ್ಟು ಒಳ್ಳೆಯ ಹುಡುಗಿ ಎಂದು ಸಿಸ್ಟರಿಗೆ ಕರುಳು ಚುರುಕ್ ಎಂದಿತು. ಬೀದಿಯವರೆಲ್ಲ ಕೈಬೀಸಿ ಕಳಿಸಿಕೊಟ್ಟರು. ಮೂಲೆ ತಿರುಗಿದ ಆಟೋ ಒಂದು ಸುತ್ತು ಹಾಕಿ ಹಿಂದಿನ ಓಣಿಗೆ ಬಂತು.

ಎರಡು ದಿನ ಸ್ವರ್ಗ. ಕರೆಗಂಟೆಯಿಲ್ಲ, ಮೀಟಿಂಗಿಲ್ಲ. ಮಾಸ್ತರರು ಮಗುವಿನಂತೆ ಬಾಯಿ ತೆರೆದು ಮಲಗಿದರು.

ಮೂರನೆಯ ದಿನ ಮಧ್ಯಾಹ್ನ ಮುಂಬಾಗಿಲ ಬೀಗದಲ್ಲಿ ಕೀಲಿ ತಿರುಗಿತು.

ಸಿಸ್ಟರ್ ಗಂಡನ ತೋಳು ಹಿಡಿದೆಳೆದು ಉಗ್ರಾಣದೊಳಗೆ ನೂಕಿ, ತಾವೂ ನುಗ್ಗಿ ಬಾಗಿಲು ಮುಂದೆ ಮಾಡಿಕೊಂಡರು. ಇನ್ನೊಂದು ಕೀಲಿ ಇದ್ದದ್ದು ಮಗಳ ಹತ್ತಿರ. ಅವಳು ಈ ವಾರ ಗಂಡ ಮಕ್ಕಳೊಂದಿಗೆ ಅತ್ತೆಯ ಮನೆಯಲ್ಲಿರಬೇಕಿತ್ತು.

"ದೀಪ ಹಾಕ್ಬೇಡಿ, ಎದುರುಮನೆಯವರು ನೋಡ್ತಾರೆ," ಮಗಳ ದನಿ.

"ನಮ್ಮ ಮನೇಲೇ ಮಲಗಬಹುದಿತ್ತು," ಅಳಿಯನ ದನಿ.

"ಬೇರೆ ಊರಿಗೆ ಹೋಗ್ತೀವಿ ಅಂತ ಹೇಳಿ ಅತ್ತೆ ಹತ್ತಿರ ಮಕ್ಕಳನ್ನ ಬಿಟ್ಟು ಬಂದಿದ್ದೀವಲ್ಲ? ಊರಲ್ಲೇ ಇದ್ದೀವಿ ಅಂತ ಗೊತ್ತಾದ್ರೆ ವಾಪಸ್ ತಂದುಬಿಡ್ತಾರೆ. ಇಲ್ಲಿಗೆ ಯಾರೂ ಬರಲ್ಲ. ಮಲಗಿ ಸುಮ್ನೆ."

ಸೋಫಾ ಕಿರುಗುಟ್ಟಿತು. ಒಂದು ದೊಡ್ಡ ಆಕಳಿಕೆ.

"ಒಂದು ವರ್ಷ ಆಯ್ತು ಕಣೇ, ಭಾನುವಾರ ಅಂತ ಮಲಗಿ," ಎಂದ ಅಳಿಯ. "ಆ ಬೆಟ್ಟ ಗುಡ್ಡ ಸುತ್ತಿ ಸುತ್ತಿ ನನ್ನ ಸೊಂಟ ಹೋಯ್ತು."

"ನನಗೇನು ಆಸೇನಾ? ರಿಟೈರಾದೋರು, ಮೂಲೇಲಿ ಕೂತು ಮಂಕಾಗಬಾರದು ಅಂತ ತಾನೇ? ಮಕ್ಕಳು ಸಂಜೆ ಚಿತ್ರದ ಕ್ಲಾಸು ಬಿಟ್ಟು ಇಲ್ಲಿಗೆ ಬರಲ್ಲ ಅಂತ ಅಳ್ತಾವೆ, ಆದ್ರೂ ಕಳಿಸ್ತೀನಿ. ಅಧ್ಯಕ್ಷರ ಕೈಕಾಲು ಹಿಡಿದು ಅಪ್ಪನಿಗೊಂದು ಹುದ್ದೆ ಕೊಡಿಸಿದೆ. ಬೀದಿಯವರಿಗೆಲ್ಲ ಹೇಳಿಟ್ಟೆ, ಅಮ್ಮನ ಹತ್ತಿರ ಬಿ.ಪಿ. ತೋರಿಸ್ಕೊಳ್ಳಿ, ಅವಳಿಗೆ ಹೊತ್ತು ಹೋಗುತ್ತೆ ಅಂತ. ಪಾಪ, ಅವರಿಗೆ ಎಷ್ಟು ಖುಷಿ ನೋಡಿ."

ಉಗ್ರಾಣದ ಕತ್ತಲಲ್ಲಿ ಮಾಸ್ತರರು ಹೆಂಡತಿಯ ಕಡೆ ತಿರುಗಿದರು. ಒಂದು ವರ್ಷದ ಸಿಟ್ಟೆಲ್ಲ ನೆತ್ತಿಗೇರಿ ಬಾಗಿಲಿಗೆ ಕೈ ಹಾಕಿದರು. ಸಿಸ್ಟರ್ ಆ ಕೈಯನ್ನು ಗಟ್ಟಿಯಾಗಿ ಹಿಡಿದರು.

"ಬೇಡ ರೀ. ಈಗ ಎದುರಿಗೆ ಹೋದ್ರೆ ಅವಳು ಜನ್ಮದಲ್ಲಿ ತಲೆ ಎತ್ತಲ್ಲ."

ಆಕೆಯ ಕಣ್ಣು ಒದ್ದೆಯಾಗಿತ್ತು. ಹೊಟ್ಟೆ ಮಾತ್ರ ನಗು ತಡೆಯಲಾರದೆ ಕುಲುಕುತ್ತಿತ್ತು.

ಉಸಿರಾಟ ಕೇಳಿಯೇ ನಿದ್ದೆಯ ಆಳ ಹೇಳಬಲ್ಲ ಕಿವಿ ಸಿಸ್ಟರದ್ದು. ನಡುಮನೆಯಲ್ಲಿ ಎರಡೂ ಉಸಿರು ಒಂದೇ ಲಯಕ್ಕೆ ಬಂದ ಮೇಲೆ ಇಬ್ಬರೂ ಪೆಟ್ಟಿಗೆ ಎತ್ತಿಕೊಂಡು ಹಿಂಬಾಗಿಲಿನಿಂದ ಜಾರಿಕೊಂಡರು. ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಬಹಳ ಹೊತ್ತು ಕಾಫಿ ಕುಡಿದರು. ಮಗಳ ನಿದ್ದೆ ಮುಗಿದಿರಬಹುದು ಅನ್ನಿಸಿದಾಗ ಸಿಸ್ಟರ್ ಫೋನ್ ಮಾಡಿದರು. ಅವಳನ್ನು ಬಿಡುಗಡೆ ಮಾಡಬೇಕು, ನೋವಾಗದ ಹಾಗೆ.

"ಮಗಳೇ, ನಾವಿಬ್ಬರೇ ಇರೋದು ನಮಗೆ ಹಿತವಾಗಿದೆ. ಇನ್ನು ಮೇಲೆ ನೀವು ಪ್ರತಿ ವಾರ ಬರಬೇಕಂತಿಲ್ಲ. ನಮ್ಮ ಚಿಂತೆ ಬಿಡು. ನೀವು ಆರಾಮಾಗಿರಿ."

ಆ ಕಡೆಯಿಂದ ಬಿಕ್ಕಿ ಅಳುವ ಸದ್ದು. ಸಿಸ್ಟರ್ ಫೋನನ್ನು ಕಿವಿಗೊತ್ತಿಕೊಂಡು ಕೇಳಿದರು, ಕೇಳುತ್ತಾ ಕೇಳುತ್ತಾ ಎದ್ದು ನಿಂತರು.

"ಒಪ್ಪಿದಳಾ?" ಎಂದರು ಮಾಸ್ತರರು.

"ಒಂಟಿತನಕ್ಕೆ ಅಮ್ಮನ ಮನಸ್ಸು ಕಹಿಯಾಗಿದೆ ಅಂತ ಅಳ್ತಿದ್ದಾಳೆ. ಮಕ್ಕಳನ್ನೂ ಕರ್ಕೊಂಡು ಈಗಲೇ ಸಮುದ್ರಕ್ಕೆ ಹೊರಟಿದ್ದಾರಂತೆ. ಏಳಿ, ಅವರಿಗಿಂತ ಮುಂಚೆ ನಾವು ಅಲ್ಲಿರಬೇಕು!"