ಒಂದೇ ನೀರಲ್ಲಿ ಕುದ್ದ ಸೂಜಿ

ಭತ್ತದ ಕೊಯ್ಲಿನ ಕಾಲ. ಕುಡುಗೋಲು ತಾಗಿಸಿಕೊಂಡವರಿಂದ ಹರಿಹರದ ಆ ಚಿಕ್ಕ ಆಸ್ಪತ್ರೆ ತುಂಬಿತ್ತು. ಭಾನುವಳ್ಳಿ ಎಂಬ ಹಳ್ಳಿಯಿಂದ ಬಂದಿದ್ದ ಹೊಸ ನರ್ಸ್ ಹಾಲಮ್ಮ ಕುದಿಸಿ ತಂದ ಸೂಜಿಗಳ ಟ್ರೇಯನ್ನು ಹೆಡ್ ನರ್ಸ್ ಶಕುಂತಲಮ್ಮ ಮೂರನೇ ಸಲ ನೆಲಕ್ಕೆ ಸುರಿದಳು.

"ಸಗಣಿ ಬಾಚೋ ಕೈಗೆ ಶುದ್ಧ ಅಂದ್ರೇನು ಗೊತ್ತು? ಇನ್ನೊಮ್ಮೆ ಹಿಂಗಾದ್ರೆ ಭಾನುವಳ್ಳಿ ಬಸ್ ಹತ್ತು."

ರೋಗಿಗಳೆಲ್ಲ ನೋಡುತ್ತಿದ್ದರು. ಹಾಲಮ್ಮ ಸೂಜಿ ಹೆಕ್ಕಲು ಬಗ್ಗಿದಳು. ಆಗ ಹಿರಿಯ ನರ್ಸ್ ಮೆಹರ್ ಬಾನು ತನ್ನ ಟ್ರೇಯನ್ನೂ ತಂದು ಮುಂದಿಟ್ಟಳು.

"ಇವೂ ಅದೇ ಪಾತ್ರೆ, ಅದೇ ನೀರಾಗ ಕುದ್ದಾವ್ರಿ. ಇದನ್ನೂ ಚೆಲ್ರಿ."

ಶಕುಂತಲಮ್ಮನ ಕೈ ಏಳಲಿಲ್ಲ. "ನಿಂದು ಬಿಡು, ಬಾನು."

"ಯಾಕ್ರಿ? ಕುದಿಯೋ ನೀರಿಗೂ ಹಳ್ಳಿಯೋರು, ಪ್ಯಾಟಿಯೋರು ಅಂತ ಗೊತ್ತಾಗತೈತೇನು?"

ಬಗ್ಗಿದ್ದ ಹಾಲಮ್ಮ ನೆಟ್ಟಗೆ ನಿಂತಳು.

"ಚೆಲ್ಲಿದೋರೇ ಎತ್ತಿಕೊಡ್ರಿ, ಸಿಸ್ಟರ್. ಕುದಿಸೋದು ನಾ ಕುದಿಸ್ತೀನಿ."